ನಾಲ್ಕು ಕುರ್ಚಿ

ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ಹೊಸನಗರದ ಬಸ್ಸಿಗೆ ಕಾಯುತ್ತಿದ್ದ ವರದಮ್ಮನ ಬೆನ್ನ ಹಿಂದೆ ಇಬ್ಬರು ಮಾತಾಡುತ್ತಿದ್ದರು. ವಾಸಪ್ಪ ಎಂಬವನು ಕಾರ್ಗಲ್ಲಿನಲ್ಲಿ, ಅಣೆಕಟ್ಟಿನ ಕೆಲಸಕ್ಕೆ ಬಂದ ವಿಲಾಯಿತಿ ಇಂಜಿನಿಯರೊಬ್ಬರ ಮನೆಯ ಅಡುಗೆಯವನೆಂದೂ ಶೇಷಪ್ಪ ಎಂಬವನು ಲಾರಿ ಡ್ರೈವರೆಂದೂ ಮಾತಿನಿಂದಲೇ ತಿಳಿಯಿತು. ಪರರ ಮಾತಿಗೆ ಕಿವಿಗೊಡಬಾರದೆಂದು ಸೊಸೆಗೆ ದಿನಾ ಬುದ್ಧಿ ಹೇಳುವ ವರದಮ್ಮ, ಚೀಲ ತಡಕುವ ನೆಪದಲ್ಲಿ ಅತ್ತ ವಾಲಿದಳು.

"ನಿಮ್ಮ ದೊರೆ ಊಟ ಬಿಟ್ಟಿದಾರಂತಲ್ಲ ಮಾರಾಯ?" ಎಂದ ಶೇಷಪ್ಪ.

"ಬಿಟ್ಟಿದ್ರು. ತಿಂಗಳಿಂದ ದಿನಾ ಸಂಜೆ ಜಗಲಿಗೆ ನಾಲ್ಕು ಕುರ್ಚಿ ಹಾಕ್ಸಿ ಕಾಯೋರು. ಕತ್ತಲಾದ್ಮೇಲೆ ಒಳಗಿಡ್ಸಿ ಉಣ್ಣದೇ ಮಲಗೋರು."

"ಯಾಕಂತೆ?"

"ಶುಕ್ರವಾರ ಕೇಳ್ದೆ. 'ದಿನಾ ಆಫೀಸು ಬಿಟ್ಟು ಹೊರಡೋವಾಗ ಅಲ್ಲಿನ ಮೂವರೂ ಬರ್ತೀವಿ ಸಾರ್ ಅಂತಾರೆ, ಒಬ್ರೂ ಬರಲ್ಲ' ಅಂದ್ರು."

"ಅಯ್ಯೋ! ಹೊರಡೋವಾಗ ಬರ್ತೀವಿ ಅನ್ನದೆ, ಹೋಗ್ತೀವಿ ಅಂತಾರಾ ಯಾರಾದ್ರೂ?"

"ಅವರಿಗೇನು ಗೊತ್ತು, ಪಾಪ. ನಾನೇ ಹೋಗಿ ಆ ಮೂವರಿಗೂ ವಿಷಯ ಹೇಳ್ದೆ. ಶನಿವಾರ ಬಂದ್ರು ನೋಡು, ಜಗಲಿ ತುಂಬಾ ನಗು. ನಿನ್ನೆ ಭಾನುವಾರ ದೊರೇನ ಕರ್ಕೊಂಡ್ಹೋಗಿ ಗುಡ್ಡ ಹತ್ತಿಸಿದ್ರು, ಹೊಳೇಲಿ ಈಜಾಡಿದ್ರು. ಮನೆಗೆ ಬಂದು ದೊರೆ ಎಂಟು ಕಡುಬು ತಿಂದ್ರು!"

"ಆ ಮಾತು ಈಗ ಅರ್ಥ ಆಯ್ತಾ ಅವರಿಗೆ?"

"ಬೆಳಗ್ಗೆ ಹೊರಡೋವಾಗ 'ಬರ್ತೀನಿ ಸಾರ್' ಅಂದೆ. 'ಹೋಗು' ಅಂದ್ರು, ನಕ್ಕೊಂಡು."

ಹೊರಗೆ ಕ್ಲೀನರ್ ಲಾರಿಯ ಹಾರ್ನು ಒತ್ತಿದ. ಶೇಷಪ್ಪ ಎದ್ದು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ.

"ಬರ್ತೀನಿ ವಾಸಪ್ಪ."

"ಬಾ, ಕುರ್ಚಿ ಹಾಕಿರ್ತೀನಿ."