ಅಕ್ಕನ ಆಲಾಪ

ಚಿತ್ರ ಶುರುವಾಗುವ ಮುಂಚೆ ಕಾಫಿ ಸಾಲಿನಲ್ಲಿ ನನ್ನ ಮುಂದೆ ಅದರ ನಿರ್ದೇಶಕನೂ ಸಂಗೀತ ಮಾಡಿದ ಅವನ ಗೆಳೆಯನೂ ನಿಂತಿದ್ದರು. ನಿರ್ದೇಶಕನೇ ಮಾತು ತೆಗೆದ.

“ಸಾವಿನ ದೃಶ್ಯದಲ್ಲಿದ್ದ ಆಲಾಪ ತೆಗೆದುಬಿಟ್ಟೆ ಕಣೋ.”

“ಯಾವಾಗ?”

“ಹೋದ ವಾರ. ಹೊರದೇಶದ ಚಿತ್ರೋತ್ಸವದವರು ಸಂಗೀತ ಜಾಸ್ತಿಯಾಯ್ತು ಅಂದ್ರು.”

“ಇಲ್ಲಿಯ ದನಿ ಬೇಕು, ಇಲ್ಲಿಯ ದನೀನೇ ಬೇಕು ಅಂತ ವರ್ಷವೆಲ್ಲ ನನ್ನ ಪ್ರಾಣ ತಿಂದೋನು ನೀನೇ ಅಲ್ವಾ?”

“ಹೌದಪ್ಪ. ಆದ್ರೆ ಈಗ ಅಲ್ಲಿ ಮೌನಾನೇ ಮಾತಾಡುತ್ತೆ, ಬೇಕಾದ್ರೆ ನೋಡು.”

“ಹಾಡಿದ್ದು ನಮ್ಮಕ್ಕ. ನೆಂಟರನ್ನೆಲ್ಲ ಕರ್ಕೊಂಡು ಬಂದು ಒಳಗೆ ಕೂತಿದ್ದಾಳೆ.”

“ಅಯ್ಯೋ. ಹೆಸರು ತೆಗೆದಿಲ್ಲ, ಕೊನೇಲಿ ಬರುತ್ತೆ. ಅವರಿಗೆ ನೀನೇ ಸ್ವಲ್ಪ ಹೇಳ್ಬಿಡೋ.”

“ನಾನ್ಯಾಕೆ ಹೇಳ್ಲಿ? ನಿನ್ನ ಮೌನ ಮಾತಾಡುತ್ತಲ್ಲ, ಅದೇ ಹೇಳ್ಲಿ.”

ಗಂಟೆ ಹೊಡೆಯಿತು. ಇಬ್ಬರೂ ಬೇರೆ ಬೇರೆ ಬಾಗಿಲಿಂದ ಒಳಗೆ ಹೋದರು.