ರಿಪೇರಿಗೆ ಬಂದ ರಾಡಾರ್

ನೌಕಾನೆಲೆಯ ಮೇಲೆ ದಾಳಿಯಾದ ಸುದ್ದಿ ರೇಡಿಯೋದಲ್ಲಿ ಬರುವುದಕ್ಕೆ ಇನ್ನೂ ಒಂದು ದಿನವಿತ್ತು. ಅಲ್ಲಿ ನೌಕರಿಗಿದ್ದ ತಮ್ಮನಿಗೆ ಶೇಂಗಾ ಹೋಳಿಗೆಯ ಪಾರ್ಸಲ್ ಕಳಿಸಲು ಶಿವದೇವಿ ಸಿಕಂದರಾಬಾದ್ ರೈಲು ನಿಲ್ದಾಣದ ಬಸ್ಸಿಗೆ ಕಾಯುತ್ತಿದ್ದಳು. ಮುಂದೆ ನಿಂತಿದ್ದ ಇಬ್ಬರು, ಈ ತೆಲುಗು ಊರಿನಲ್ಲಿ ಯಾರಿಗೆ ತಿಳಿದೀತು ಎಂಬ ಧೈರ್ಯದಲ್ಲಿ, ಕನ್ನಡದಲ್ಲೇ ತಮ್ಮ ಕಾರ್ಖಾನೆಯ ಮಾತು ತೆಗೆದಿದ್ದರು. ತಮ್ಮನಿರುವ ನೌಕಾನೆಲೆಯ ಹೆಸರು ಬಂದದ್ದೇ ಆಕೆ ಕಿವಿಗೊಟ್ಟಳು.

"ಅಮರೇಶಪ್ಪನವರ, ಅಲ್ಲಿಂದ ಬಂದ ರಾಡಾರ್ ರಿಪೇರಿ ಆತೇನ್ರಿ?"

"ರಿಪೇರಿ ಏನ್ ಮಾಡೂದ್ರಿ, ಅದು ಕೆಟ್ಟೇ ಇಲ್ಲ."

"ಮತ್ಯಾಕ ಕಳಿಸ್ಯಾರ?"

"ಖಾಲಿ ಸಮುದ್ರದಾಗ ಚುಕ್ಕಿ ತೋರಸ್ತಿತ್ತಂತ. ಆ ದಿಕ್ಕಿಗೆ ನಮ್ಮ ಹಡಗು ಒಂದೂ ಇಲ್ಲ, ಅಂದಮ್ಯಾಲೆ ಸೆಟ್ಟೇ ಕೆಟ್ಟೈತಿ ಅಂದ್ರಂತ ಅಲ್ಲಿನ ಸಾಹೇಬ್ರು."

"ಇಲ್ಲೂ ಹಂಗ ತೋರಸ್ತೈತೇನ್ರಿ?"

"ಇಲ್ರಿ. ಇದ್ದದ್ದನ್ನಷ್ಟ ತೋರಸ್ತೈತಿ."



"ಹಂಗಾರ ಲಗೂನ ವಾಪಸ್ ಕಳಿಸಬೇಕಲ್ರಿ."

"ನಮ್ಮ ದೊಡ್ಡ ಸಾಹೇಬರ ಸಹಿ ಬೇಕು. ಅವರು ರಜಾ ಮುಗಿಸಿ ಸೋಮವಾರ ಬರ್ತಾರ."

"ಅಲ್ಲೀತನಕ ಅಲ್ಲಿಯವರು?"

"ಚುಕ್ಕಿ ಕಾಟ ತಪ್ಪಿತು ಅಂತ ಆರಾಮ ಅದಾರಂತ್ರಿ."

ಬಸ್ ಬಂತು. ಇಬ್ಬರೂ ಹತ್ತಿ ಹೋದರು. ಶಿವದೇವಿ ಹತ್ತಬೇಕಾಗಿದ್ದ ಬಸ್ಸೂ ಅದೇ; ಆಕೆ ಪಾರ್ಸಲ್ ಹಿಡಿದು ನಿಂತಲ್ಲೇ ಉಳಿದಳು.