ಬಾಣಂತಿಯ ತುಪ್ಪ

ಕೊಡಗು ಇನ್ನೂ ಬೇರೆ ರಾಜ್ಯವಾಗಿದ್ದಾಗಿನ ಮಾತು. ಮಡಿಕೇರಿಯ ಆಸ್ಪತ್ರೆಯ ಜಗಲಿಯಲ್ಲಿ ನನ್ನ ಪಕ್ಕ ಅತ್ತೆ ಸೊಸೆ ಕೂತಿದ್ದರು. ಬೆಳಿಗ್ಗೆ ಶನಿವಾರಸಂತೆಯ ಬಸ್ಸು ತಿರುವಿನಲ್ಲಿ ಮರಕ್ಕೆ ಗುದ್ದಿ, ಸೊಸೆಯ ತೊಡೆಯ ಮೇಲಿದ್ದ ಮಗು ಗಾಜಿಗೆ ಬಡಿದು ಸತ್ತಿತ್ತು. ಸುದ್ದಿ ತಿಳಿದು ಅತ್ತೆ ಆಮೇಲೆ ಬಂದಿದ್ದಳು.

“ಕಾಂತಿ, ಮಗೂನ ಎರಡು ಕೈಲೂ ಹಿಡ್ಕೊಂಡಿದ್ದೇನೇ?”

“ಒಂದೇ ಕೈಲಿ, ಅತ್ತೆ.”

“ಇನ್ನೊಂದಕ್ಕೇನು ಲಕ್ವ ಹೊಡೆದಿತ್ತಾ?”

“ತುಪ್ಪದ ಗಡಿಗೆ ಇತ್ತು. ನೆಂಟರ ಮನೆ ಬಾಣಂತಿಗೆ ಒಯ್ಯೋ ತುಪ್ಪ, ಜನ ತುಳಿಯೋ ಕಡೆ ಇಡಬೇಡ ಅಂತ ನೀವೇ ಹೇಳಿದ್ರಲ್ಲ.”

“ಹೇಳ್ದೆ. ಮಗೂನ ಬಿಡು ಅಂದಿದ್ನಾ?”

ಅತ್ತೆ ಸೊಸೆಯ ಖಾಲಿ ಕೈ ನೋಡಿದಳು.

“ಗಡಿಗೆ ಒಡೀತಾ?”

“ಇಲ್ಲ.”

“ಅದನ್ನ ಮಾತ್ರ ಭದ್ರವಾಗಿ ಹಿಡ್ದಿದ್ದೀಯ.”

ಆಸ್ಪತ್ರೆಯವನು ಬಟ್ಟೆ ಸುತ್ತಿದ ಮಗುವನ್ನು ತಂದ. ಸೊಸೆ ಎದ್ದು ಕೈ ಚಾಚಿದಳು.

“ಇಲ್ಲಿ ಕೊಡಪ್ಪಾ,” ಎಂದಳು ಅತ್ತೆ. “ಅವಳ ಕೈಗೆ ಬೇಡ.”

ಮಗುವನ್ನು ಎದೆಗವಚಿಕೊಂಡು ಅತ್ತೆ ಮೆಟ್ಟಿಲಿಳಿದಳು. ಸೊಸೆ ಹಿಂದೆ ಹೋದಳು.